ಹಾಲಿಡೇ ಮೆಂಬರ್‌ಶಿಪ್ ತೆಗೆದುಕೊಳ್ಳಬಹುದಾ? ಕಾಸರಗೋಡಿನ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ನೀರ್ಚಾಲು ಕಡೆಯವನು. ಸಹಕಾರಿ ಬ್ಯಾಂಕಿನಲ್ಲಿ 26 ವರ್ಷ ಕ್ಲರ್ಕ್ ಆಗಿದ್ದೆ. ನಿವೃತ್ತಿ ಆದ ಮೇಲೂ ಜನ ಕಾಗದ ಹಿಡಿದುಕೊಂಡು ಮನೆಗೆ ಬರುತ್ತಾರೆ. "ಅಣ್ಣಾ, ಇದಕ್ಕೆ ಸಹಿ ಹಾಕಲಾ?" ಅಂತ ಕೇಳುತ್ತಾರೆ. ಈಚೆಗೆ ಬರುವ ಕಾಗದಗಳಲ್ಲಿ ಹಾಲಿಡೇ ಮೆಂಬರ್‌ಶಿಪ್‌ನದ್ದು (ಟೈಮ್‌ಶೇರ್ ಅಂತಲೂ ಅನ್ನುತ್ತಾರೆ) ಜಾಸ್ತಿ. 2014ರಲ್ಲಿ ನಾವೂ ಒಂದು ತೆಗೆದುಕೊಂಡಿದ್ದೆವು. ಹಾಗಾಗಿ ಎರಡೂ ಕಡೆಯಿಂದ ಗೊತ್ತಿದೆ. ಕೇಳಿದವರಿಗೆಲ್ಲ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಟೈಮ್‌ಶೇರ್ ಅಂದರೆ ಏನು?

ಒಂದು ರಿಸಾರ್ಟಿನ ರೂಮನ್ನು ವರ್ಷದ 52 ವಾರಕ್ಕೆ ಹಂಚಿ ಬೇರೆ ಬೇರೆ ಜನರಿಗೆ ಮಾರುವುದು. ನಿಮ್ಮ ಪಾಲಿಗೆ ವರ್ಷಕ್ಕೆ ಒಂದು ವಾರ. ಇದು ಹುಟ್ಟಿದ್ದು ಯುರೋಪಿನಲ್ಲಿ, 1960ರ ದಶಕದಲ್ಲಿ. ನಮ್ಮ ದೇಶಕ್ಕೆ ಬಂದದ್ದು 80ರ ದಶಕದಲ್ಲಿ. ಸ್ಟರ್ಲಿಂಗ್ ಹಾಲಿಡೇ ರಿಸಾರ್ಟ್ಸ್ 1986ರಲ್ಲಿ ಶುರುವಾಯಿತು, ಕ್ಲಬ್ ಮಹೀಂದ್ರಾದ ಕಂಪನಿ 1996ರಲ್ಲಿ.

ಈಗ ಇಲ್ಲಿ ಮಾರುವುದು ಹೆಚ್ಚಾಗಿ ಒಂದೇ ರಿಸಾರ್ಟಿನ ನಿಗದಿತ ವಾರ ಅಲ್ಲ. ಇಷ್ಟು ವರ್ಷ, ವರ್ಷಕ್ಕೆ ಇಷ್ಟು ರಾತ್ರಿ, ಕಂಪನಿಯ ಯಾವುದಾದರೂ ರಿಸಾರ್ಟಿನಲ್ಲಿ ಖಾಲಿ ಇದ್ದರೆ ಉಳಿಯಬಹುದು ಅನ್ನುವ ಮೆಂಬರ್‌ಶಿಪ್. ಸಾಮಾನ್ಯವಾಗಿ 25 ವರ್ಷ, ವರ್ಷಕ್ಕೆ 7 ರಾತ್ರಿ. "ಖಾಲಿ ಇದ್ದರೆ" ಅನ್ನುವ ಮಾತನ್ನು ನೆನಪಿಡಿ. ಮುಂದೆ ಬರುತ್ತದೆ.

ರೂಮು ನನ್ನ ಹೆಸರಿಗೆ ಆಗುತ್ತದಾ?

ಇಲ್ಲ. ನೀವು ಕೊಂಡುಕೊಳ್ಳುವುದು ಉಳಿಯುವ ಹಕ್ಕು ಮಾತ್ರ. ಆಧಾರ (ಕ್ರಯಪತ್ರ) ಇಲ್ಲ, ತೀರ್ವೆ (ಭೂಕಂದಾಯ) ರಶೀದಿ ಇಲ್ಲ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ದಾಖಲೆಯೂ ಇಲ್ಲ. 25 ವರ್ಷ ಕಳೆದರೆ ಹಕ್ಕು ಮುಗಿಯಿತು. ಮಾರುವವರು "ಇದು ನಿಮ್ಮ ಮಕ್ಕಳಿಗೆ ಆಸ್ತಿ" ಅನ್ನುತ್ತಾರೆ. ಐದು ಸೆಂಟ್ಸ್ ಜಾಗ ಇದ್ದರೆ ಅದನ್ನು ಅಡವಿಟ್ಟು ಸಾಲ ತೆಗೆಯಬಹುದು. ಈ ಕಾರ್ಡನ್ನು ಅಡವಿಟ್ಟು ಸಾಲ ಕೊಟ್ಟ ಬ್ಯಾಂಕನ್ನು ನನ್ನ ಇಡೀ ಸರ್ವೀಸಿನಲ್ಲಿ ನಾನು ನೋಡಿಲ್ಲ.

ಲೆಕ್ಕ ಹಾಕಿದರೆ ಲಾಭವಾ ನಷ್ಟವಾ?

ಎರಡೂ ಆಗಬಹುದು. ಒಂದು ಉದಾಹರಣೆ ಹಿಡಿದು ನೋಡೋಣ. ಅಂಕೆಗಳು ನಾನು ಲೆಕ್ಕಕ್ಕೆ ಇಟ್ಟುಕೊಂಡವು. ನಿಮಗೆ ಕೊಟ್ಟ ಕಾಗದದ ಅಂಕೆ ಹಾಕಿ ನೀವೇ ಮಾಡಿ.

ಸೇರುವ ಹಣ 4 ಲಕ್ಷ. ಅದರ ಮೇಲೆ ಜಿಎಸ್‌ಟಿ ಶೇಕಡಾ 18, ಅಂದರೆ 72,000. ಒಟ್ಟು 4,72,000. ಈ ಹಣವನ್ನು ಶೇಕಡಾ 7ರ ಬಡ್ಡಿಗೆ ಡೆಪಾಸಿಟ್ ಇಟ್ಟಿದ್ದರೆ ವರ್ಷಕ್ಕೆ 33,040 ಬರುತ್ತಿತ್ತು. ಆ ಬಡ್ಡಿ ಈಗ ಬರುವುದಿಲ್ಲ. ಅದೂ ಖರ್ಚೇ. ಜೊತೆಗೆ ಪ್ರತಿ ವರ್ಷ ಮೆಂಟೆನೆನ್ಸ್ ಕಟ್ಟಬೇಕು. ಅದನ್ನು ಕೆಲವರು ಎಎಂಸಿ ಅಂತಾರೆ, ಕೆಲವರು ವಾರ್ಷಿಕ ಫೀಸು ಅಂತಾರೆ. 20,000 ಅಂತ ಇಟ್ಟುಕೊಳ್ಳಿ, ಜಿಎಸ್‌ಟಿ ಸೇರಿ 23,600. ಎರಡೂ ಕೂಡಿದರೆ 56,640. ಏಳು ರಾತ್ರಿಗೆ ಹಂಚಿದರೆ ಒಂದು ರಾತ್ರಿಗೆ ಸುಮಾರು 8,090 ರೂಪಾಯಿ. ಊಟ ಬೇರೆ, ಪ್ರಯಾಣ ಬೇರೆ.

ನಾಲ್ಕೇ ರಾತ್ರಿ ಹೋದಿರಿ ಅನ್ನಿ. ಆಗ ಒಂದು ರಾತ್ರಿಗೆ 14,160. ಹೋಗಲೇ ಇಲ್ಲ ಅಂದರೂ 56,640 ಹೋಗಿಯೇ ಹೋಗುತ್ತದೆ.

ಈಗ ಆಚೆ ಬದಿ. ನೀವು ಸಾಮಾನ್ಯವಾಗಿ 5,000ದ ರೂಮು ಮಾಡುವವರಾದರೆ, 7,500ರವರೆಗಿನ ರೂಮಿಗೆ ಈಗ ಜಿಎಸ್‌ಟಿ ಶೇಕಡಾ 5 ಮಾತ್ರ. ಏಳು ರಾತ್ರಿಗೆ 36,750. ಮೆಂಬರ್‌ಶಿಪ್‌ಗಿಂತ ಸುಮಾರು 20,000 ಕಡಿಮೆ. "ರೂಮಿನ ಬಾಡಿಗೆ ಪ್ರತಿ ವರ್ಷ ಏರುತ್ತದೆ ಅಲ್ವಾ?" ಅಂತ ಕೇಳುತ್ತಾರೆ. ಏರುತ್ತದೆ, ನಿಜ. ಆದರೆ ಮೆಂಟೆನೆನ್ಸೂ ಏರುತ್ತದೆ. ಎರಡೂ ವರ್ಷಕ್ಕೆ ಶೇಕಡಾ 6 ಏರಿದರೆ 12 ವರ್ಷದಲ್ಲಿ ಎರಡು ಪಟ್ಟು. ಆಗ ರೂಮಿಗೆ 73,500, ಮೆಂಬರ್‌ಶಿಪ್‌ಗೆ 80,240. ಆಗಲೂ ಮೆಂಬರ್‌ಶಿಪ್ಪೇ ದುಬಾರಿ. 24ನೇ ವರ್ಷಕ್ಕೆ ಬಂದಾಗ ರೂಮಿಗೆ 1,47,000, ಮೆಂಬರ್‌ಶಿಪ್‌ಗೆ 1,27,440. ಅಲ್ಲಿ ಮೆಂಬರ್‌ಶಿಪ್ ಗೆಲ್ಲುತ್ತದೆ. ಆದರೆ ಮರು ವರ್ಷ ಅವಧಿ ಮುಗಿಯುತ್ತದೆ, ಅಸಲು 4,72,000 ಕೈಯಲ್ಲಿ ಇರುವುದಿಲ್ಲ. ಡೆಪಾಸಿಟ್ ಇಟ್ಟವನ ಅಸಲು ಹಾಗೇ ಇರುತ್ತದೆ.

ನೀವು ಯಾವಾಗಲೂ 9,000ದ ರೂಮೇ ಮಾಡುವವರು ಅಂತಾದರೆ ಕಥೆ ಬೇರೆ. 7,500 ದಾಟಿದರೆ ಜಿಎಸ್‌ಟಿ ಶೇಕಡಾ 18. ಒಂದು ರಾತ್ರಿಗೆ 10,620, ಏಳಕ್ಕೆ 74,340. ಅಂಥವರಿಗೆ ಮೊದಲ ವರ್ಷದಿಂದಲೇ ಮೆಂಬರ್‌ಶಿಪ್ ಅಗ್ಗ, ಏಳೂ ರಾತ್ರಿ ಪ್ರತಿ ವರ್ಷ ಉಪಯೋಗಿಸಿದರೆ. ಹಾಗಾಗಿ ರಿಸಾರ್ಟಿನ ಬೋರ್ಡಿನಲ್ಲಿ ಬರೆದ ಬಾಡಿಗೆಯ ಜೊತೆ ಹೋಲಿಸಬೇಡಿ. ನೀವು ಕಳೆದ ಸಲ ಹೋದಾಗ ನಿಜವಾಗಿ ಎಷ್ಟರ ರೂಮು ಮಾಡಿದಿರೋ ಅದರ ಜೊತೆ ಹೋಲಿಸಿ.

ತೋಟದ ಮನೆಯವರಿಗೆ ಇದು ಆಗಿ ಬರುತ್ತದಾ?

ಇದಕ್ಕೆ ನಾನು ಬಾಯಲ್ಲಿ ಉತ್ತರ ಹೇಳುವುದಿಲ್ಲ. "ಮನೆಯ ಕ್ಯಾಲೆಂಡರ್ ತನ್ನಿ" ಅನ್ನುತ್ತೇನೆ.

ನಮ್ಮ ಅಡುಗೆಮನೆ ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿದ ಕ್ಯಾಲೆಂಡರ್ ಇರುತ್ತದೆ ಅಲ್ವಾ, ಸೊಸೈಟಿಯವರು ಕೊಟ್ಟದ್ದು. ಹಾಲಿನ ಲೆಕ್ಕ, ಕೆಲಸದವರ ಸಂಬಳ, ಗ್ಯಾಸ್ ಬಂದ ದಿನ, ದನಕ್ಕೆ ಇಂಜೆಕ್ಷನ್ ಕೊಟ್ಟ ದಿನ ಎಲ್ಲ ಅದರಲ್ಲೇ. ಹಳೆಯದನ್ನು ಯಾರೂ ಬೇಗ ಬಿಸಾಡುವುದಿಲ್ಲ. ಕಳೆದ ಮೂರು ವರ್ಷದ್ದನ್ನು ತೆಗೆದು ಹಾಸಿ. ಗಂಡ ಹೆಂಡತಿ ಮಕ್ಕಳು ಒಟ್ಟಿಗೆ, ಮದುವೆಗೆ ಅಲ್ಲ, ಆಸ್ಪತ್ರೆಗೆ ಅಲ್ಲ, ಸುಮ್ನೆ ತಿರುಗಾಡಲು ಹೋಗಿ ಹೊರಗೆ ಮಲಗಿದ ರಾತ್ರಿ ಎಷ್ಟು, ಎಣಿಸಿ. ಹೋದ ವರ್ಷ ಒಬ್ಬರು ನಮ್ಮ ಜಗಲಿಯಲ್ಲಿ ಕುಳಿತು ಎಣಿಸಿದರು. ಮೂರು ವರ್ಷಕ್ಕೆ ಐದು ರಾತ್ರಿ. ಅವರ ಕೈಯಲ್ಲಿದ್ದ ಕಾಗದದಲ್ಲಿ ಬರೆದದ್ದು ವರ್ಷಕ್ಕೆ ಏಳು.

ಸೋಮಾರಿತನದಿಂದ ಹೀಗಾದದ್ದಲ್ಲ. ವರ್ಷ ನಡೆಯುವುದೇ ಹಾಗೆ. ಡಿಸೆಂಬರ್‌ನಿಂದ ಮೇವರೆಗೆ ತೋಟಕ್ಕೆ ನೀರು ಬಿಡಬೇಕು. ನಡುವೆ ಅಡಿಕೆ ಕೊಯ್ಲು. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯನ್ನು ಬಿಟ್ಟು ಹೋಗುವ ಹಾಗಿಲ್ಲ, ಬೇಸಿಗೆ ಮಳೆ ಯಾವ ಸಂಜೆ ಬರುತ್ತದೋ ಗೊತ್ತಿಲ್ಲ. ಇದೇ ತಿಂಗಳುಗಳಲ್ಲಿ ನೇಮ, ಕೋಲ, ಜಾತ್ರೆ, ಯಕ್ಷಗಾನ ಆಟ, ಮದುವೆ, ಉಪನಯನ. ಮೇ ಕೊನೆಯಲ್ಲಿ ಬರುವ ಪತ್ತನಾಜೆ ಕಳೆದು ಇದೆಲ್ಲ ನಿಲ್ಲುವಾಗ ಮದ್ದು ಬಿಡುವ ಗಡಿಬಿಡಿ. ಮಳೆ ಜೋರಾಗುವ ಮೊದಲು ಅಡಿಕೆಗೆ ಒಂದು ಸುತ್ತು ಬೋರ್ಡೋ ದ್ರಾವಣ ಆಗಲೇಬೇಕು, ಇಲ್ಲದಿದ್ದರೆ ಕೊಳೆರೋಗ. ಮದ್ದು ಬಿಡುವವರು ಸಿಕ್ಕಿದ ದಿನವೇ ದಿನ.

ಉಸಿರು ಬಿಡಲು ಸಮಯ ಸಿಗುವುದು ಆಟಿಯಲ್ಲಿ. ಜುಲೈ ಆಗಸ್ಟ್. ಆಗ ಮಡಿಕೇರಿಯಲ್ಲೂ ಮುನ್ನಾರಿನಲ್ಲೂ ಧೋ ಅಂತ ಮಳೆ, ರೂಮುಗಳು ವರ್ಷದಲ್ಲೇ ಅಗ್ಗ. ಫೋನ್ ಮಾಡಿದರೆ ಸಾಕು, ಸಿಗುತ್ತದೆ. ಮೆಂಬರ್‌ಶಿಪ್ ಯಾಕೆ?

ಕಾಗದದಲ್ಲಿ ಬಣ್ಣಗಳ ಹೆಸರು ಇದೆ. ಅದೇನು?

ಕಂಪನಿಗಳು ವರ್ಷವನ್ನು ಬೇಡಿಕೆಯ ಮೇಲೆ ಭಾಗ ಮಾಡುತ್ತವೆ. ಕ್ಲಬ್ ಮಹೀಂದ್ರಾದಲ್ಲಿ ನೇರಳೆ, ಕೆಂಪು, ಬಿಳಿ, ನೀಲಿ ಅಂತ ಬಣ್ಣ ಇಟ್ಟರು. ಬೇರೆಯವರು ಬೇರೆ ಹೆಸರು ಇಡುತ್ತಾರೆ. ಬೇಡಿಕೆ ಜಾಸ್ತಿ ಇರುವ ಕಾಲದ ಮೆಂಬರ್‌ಶಿಪ್‌ಗೆ ರೇಟು ಜಾಸ್ತಿ. ಕಡಿಮೆ ಬಣ್ಣದವರು ಮೇಲಿನ ಬಣ್ಣದ ಕಾಲದಲ್ಲಿ ಸುಲಭವಾಗಿ ಹೋಗಲು ಆಗುವುದಿಲ್ಲ. ಒಂದೇ ಬಣ್ಣ ಎಲ್ಲ ಊರಿಗೂ ಒಂದೇ ತಿಂಗಳು ಅಲ್ಲ. ಗೋವಾದ ತಿಂಗಳು ಬೇರೆ, ಊಟಿಯದ್ದು ಬೇರೆ. ಮಾರುವವರು ಕಡಿಮೆ ರೇಟು ಹೇಳಿದರೆ ಅದು ಯಾವ ಬಣ್ಣದ್ದು, ಆ ಬಣ್ಣ ಮೇ ತಿಂಗಳಲ್ಲಿ ಎಲ್ಲಿಗೆ ನಡೆಯುತ್ತದೆ ಅಂತ ಕೇಳಿ.

ಮಕ್ಕಳ ರಜೆಯಲ್ಲಿ ರೂಮು ಸಿಗುತ್ತದಾ?

ಇಲ್ಲಿ ನಮ್ಮ ಅನುಭವ ಹೇಳುತ್ತೇನೆ. ಕಂಪನಿಯ ಹೆಸರು ಹೇಳುವುದಿಲ್ಲ.

ನನ್ನ ಹೆಂಡತಿ ಎಲ್ಲವನ್ನೂ ಬರೆದಿಡುವವಳು. ಮೆಂಬರ್‌ಶಿಪ್ ತೆಗೆದ ದಿನವೇ 100 ಪುಟದ ಒಂದು ನೋಟ್‌ಬುಕ್ ಅದಕ್ಕೆಂದೇ ಇಟ್ಟಳು. ಯಾವಾಗ ಫೋನ್ ಮಾಡಿದ್ದು, ಯಾವ ಊರು ಕೇಳಿದ್ದು, ಏನು ಹೇಳಿದರು, ಎಲ್ಲ ಇದೆ. "ಮೇ ಮೊದಲ ವಾರ, ಮುನ್ನಾರ್: ಫುಲ್. ಎರಡನೇ ವಾರ: ಫುಲ್. ಕೊಡೈ: ವೇಟಿಂಗ್. ತೇಕ್ಕಡಿ: ಒಂದು ರಾತ್ರಿ ಮಾತ್ರ." ಇಂಥ ಸಾಲುಗಳು ಪುಟ ಪುಟ. ಒಂದು ವರ್ಷ ಮೇ ತಿಂಗಳಿಗೆಂದು ಜನವರಿಯಲ್ಲೇ ಕೇಳಿದ್ದೆವು, ಆಗಲೂ ಇಲ್ಲ. ಹತ್ತು ವರ್ಷದಲ್ಲಿ ನಾವು ಹೋದದ್ದು ಐದು ಸಲ. ಅದರಲ್ಲಿ ಒಮ್ಮೆ ಮಾತ್ರ ಬೇಸಿಗೆ ರಜೆಯಲ್ಲಿ.

ಹೋದಾಗ ರಿಸಾರ್ಟ್ ಚೆನ್ನಾಗಿತ್ತು, ಅದನ್ನೂ ಹೇಳಬೇಕು. ರೂಮು ದೊಡ್ಡದು, ಸಣ್ಣ ಅಡುಗೆಮನೆ ಇತ್ತು, ಅಮ್ಮನಿಗೆ ಬೆಳಿಗ್ಗೆ ಗಂಜಿ ಮಾಡಿ ಕೊಡಲು ಆಯಿತು. ಅಮ್ಮ ಹೊರಗೆ ಬಂದು ಉಳಿದ ಕೊನೆಯ ಪ್ರವಾಸ ಅದು. ಆ ನಾಲ್ಕು ದಿನದ ಬಗ್ಗೆ ನಮಗೆ ಯಾವ ದೂರೂ ಇಲ್ಲ.

ಗಡಿಯಲ್ಲಿ ಇರುವ ನಮಗೆ ಇನ್ನೊಂದು ಕಷ್ಟ ಇದೆ. ನಮ್ಮ ಮಕ್ಕಳು ಕನ್ನಡ ಶಾಲೆಗೇ ಹೋದರೂ ರಜೆ ಕೇರಳದ್ದು: ಏಪ್ರಿಲ್, ಮೇ, ಓಣಂ, ಕ್ರಿಸ್‌ಮಸ್. ಪುತ್ತೂರಿನಲ್ಲಿರುವ ತಂಗಿಯ ಮಕ್ಕಳಿಗೆ ದಸರಾ ರಜೆ. ಓಣಂಗೆ ಇವರಿಗೆ ರಜೆ ಇದ್ದರೆ ಅವರಿಗೆ ಇಲ್ಲ, ದಸರಾದಲ್ಲಿ ಅವರಿಗೆ ಹೆಚ್ಚು ದಿನ ಇದ್ದರೆ ಇವರಿಗೆ ಪೂಜೆಯ ನಾಲ್ಕು ದಿನ. ಎರಡೂ ಕಡೆಯವರು ಒಟ್ಟಿಗೆ ಸೇರುವುದು ಮೇ ತಿಂಗಳಲ್ಲಿ. ಅದೇ ತಿಂಗಳನ್ನು ಬೆಂಗಳೂರು, ಚೆನ್ನೈ, ಕೊಚ್ಚಿಯ ಮೆಂಬರುಗಳೆಲ್ಲ ಕೇಳುತ್ತಿರುತ್ತಾರೆ.

ಮಗ ದುಬೈಯಲ್ಲಿದ್ದಾನೆ. ಅವನ ಹೆಸರಿಗೆ ತೆಗೆಯಬಹುದಾ?

ಗಲ್ಫಿನವರನ್ನು ಮಾರುವವರು ಹುಡುಕಿಕೊಂಡೇ ಬರುತ್ತಾರೆ. ಅವರ ಮಕ್ಕಳಿಗೆ ಶಾಲೆ ರಜೆ ಜುಲೈ ಆಗಸ್ಟಿನಲ್ಲಿ. ಊರಿಗೆ ಬರುವುದೂ ಆಗಲೇ. ಇಲ್ಲಿ ಅದು ಮಳೆಗಾಲ, ಬೇಡಿಕೆ ಕಡಿಮೆ ಇರುವ ಕಾಲ. ಹಾಗಾಗಿ ಮೇಲಿನ ಬಣ್ಣಕ್ಕೆ ದುಡ್ಡು ಕೊಡುವುದು ದಂಡ. ಇನ್ನೊಂದು, ಒಂದು ತಿಂಗಳ ರಜೆಯಲ್ಲಿ ಬಂದವನು ಅಪ್ಪ ಅಮ್ಮನ ಹತ್ತಿರ ಇರುತ್ತಾನಾ, ಹೆಂಡತಿಯ ಮನೆಗೆ ಹೋಗುತ್ತಾನಾ, ಮನೆ ರಿಪೇರಿ ಮಾಡಿಸುತ್ತಾನಾ, ಅಥವಾ ಏಳು ದಿನ ರಿಸಾರ್ಟಿನಲ್ಲಿ ಕುಳಿತುಕೊಳ್ಳುತ್ತಾನಾ? ಅವನನ್ನೇ ಕೇಳಿ.

ಹೊರದೇಶದ ರಿಸಾರ್ಟಿಗೂ ಹೋಗಬಹುದು ಅನ್ನುತ್ತಾರೆ. ನಿಜವಾ?

ನಿಜ. ಆರ್‌ಸಿಐ ಅಂತ ವಿನಿಮಯದ ಸಂಸ್ಥೆ ಇದೆ, 1974ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ನಿಮ್ಮ ವಾರವನ್ನು ಅಲ್ಲಿ ಕೊಟ್ಟು ಬೇರೆ ದೇಶದ ರಿಸಾರ್ಟಿನ ವಾರ ಕೇಳಬಹುದು. ಅದಕ್ಕೆ ಬೇರೆ ಫೀಸು, ವೀಸಾ ಬೇರೆ, ವಿಮಾನದ ಟಿಕೆಟ್ ಬೇರೆ. ಸಿಂಗಾಪುರಕ್ಕೆ ಹೋಗುವ ಯೋಚನೆ ಮೊದಲೇ ಇಲ್ಲದವರು ಇದಕ್ಕಾಗಿ ಸೇರಬೇಡಿ.

ಮಂಗಳೂರಿನ ಮಾಲಿನಲ್ಲಿ ಕೂಪನ್ ತುಂಬಿಸಿದ್ದೆವು. ಬಹುಮಾನ ಬಂದಿದೆಯಂತೆ. ಹೋಗಬಹುದಾ?

ಆ ಕೂಪನ್ ಇರುವುದು ನಿಮ್ಮ ಫೋನ್ ನಂಬರಿಗಾಗಿ. ಎಲ್ಲರಿಗೂ "ಬಹುಮಾನ" ಬರುತ್ತದೆ. ಗಂಡ ಹೆಂಡತಿ ಇಬ್ಬರೂ ಬರಲೇಬೇಕು ಅನ್ನುತ್ತಾರೆ, ಯಾಕೆಂದರೆ "ಮನೆಯಲ್ಲಿ ಕೇಳಿ ಹೇಳುತ್ತೇನೆ" ಅನ್ನುವ ದಾರಿ ಮುಚ್ಚಬೇಕು.

ನಮಗೆ ಒಂದೂವರೆ ಗಂಟೆ ಅಂದಿದ್ದರು. ಹೋಟೆಲಿನ ಹಾಲ್, ತಂಪು ಎಸಿ, ದುಂಡು ಮೇಜುಗಳು. ನಮ್ಮ ಮೇಜಿಗೆ ಒಬ್ಬ ಹುಡುಗ ಬಂದು ಕುಳಿತ. ಒಳ್ಳೆಯ ಹುಡುಗ, ನಮ್ಮ ಮಕ್ಕಳ ಹೆಸರು ಕೇಳಿ ಕಾಗದದಲ್ಲಿ ಬರೆದುಕೊಂಡ, ಮಾತಿನ ನಡುವೆ ಆ ಹೆಸರುಗಳನ್ನೇ ಹೇಳುತ್ತಿದ್ದ. ಯಾವುದೋ ಮೇಜಿನಲ್ಲಿ ಒಬ್ಬರು ಸಹಿ ಹಾಕಿದ ಕೂಡಲೇ ಮೈಕಿನಲ್ಲಿ ಅವರ ಹೆಸರು ಕರೆದು ಎಲ್ಲರೂ ಚಪ್ಪಾಳೆ ತಟ್ಟುವುದು. ಎರಡು ಗಂಟೆ ಆದ ಮೇಲೆ ಅವನ ಮೇಲಿನವರು ಬಂದರು. ಮೊದಲು ಹೇಳಿದ ರೇಟಿಗೆ ಗೆರೆ ಎಳೆದು ಕೆಳಗೆ ಇನ್ನೊಂದು ಬರೆದರು. ಮತ್ತೆ ಗೆರೆ, ಮತ್ತೊಂದು ರೇಟು. "ಇದು ಇವತ್ತಿಗೆ ಮಾತ್ರ ಸಾರ್." ಬ್ಯಾಂಕಿನಲ್ಲಿ ದಿನಾ ಲೆಕ್ಕ ನೋಡುವ ನಾನೂ ಆ ಎರಡು ಗೆರೆ ನೋಡಿ 2,60,000ಕ್ಕೆ ಸಹಿ ಹಾಕಿದೆ. ನಾಳೆ ಇರದ ರೇಟು ನ್ಯಾಯವಾದ ರೇಟು ಅಲ್ಲ. ಇದನ್ನು ಅವತ್ತು ಯಾರಾದರೂ ನನಗೆ ಹೇಳಬೇಕಿತ್ತು.

ಬಹುಮಾನದ ಮೂರು ದಿನದ ವೋಚರಿನ ಹಿಂದೆ ಸಣ್ಣ ಅಕ್ಷರ ಓದಿ. ವಾರದ ನಡುವೆ ಮಾತ್ರ, ಹಬ್ಬದ ದಿನ ಇಲ್ಲ, ಟ್ಯಾಕ್ಸ್ ನೀವೇ ಕೊಡಬೇಕು ಅಂತ ಇರುತ್ತದೆ.

ಕಂತಿನಲ್ಲಿ ಕಟ್ಟಬಹುದು ಅನ್ನುತ್ತಾರಲ್ಲ?

4 ಲಕ್ಷವನ್ನು ಶೇಕಡಾ 15ರ ಬಡ್ಡಿಗೆ 48 ಕಂತು ಮಾಡಿದರೆ ತಿಂಗಳಿಗೆ 11,132. ಒಟ್ಟು ಕಟ್ಟುವುದು ಸುಮಾರು 5,34,000. ತಿರುಗಾಟಕ್ಕೆ ಬಡ್ಡಿ ಕಟ್ಟಬೇಡಿ, ನನ್ನ ಮಾತು ಕೇಳಿ. ಸಾಲ ಹೆಚ್ಚಾಗಿ ಬೇರೆ ಹಣಕಾಸು ಸಂಸ್ಥೆಯದ್ದು ಆಗಿರುತ್ತದೆ. ಮೆಂಬರ್‌ಶಿಪ್ ರದ್ದು ಮಾಡಿದರೆ ಸಾಲ ತಾನಾಗಿ ರದ್ದಾಗುವುದಿಲ್ಲ. ಎರಡು ಕಡೆಗೂ ಬೇರೆ ಬೇರೆ ಬರೆಯಬೇಕು. ಇಲ್ಲದಿದ್ದರೆ ಕಂತು ತಪ್ಪಿದ್ದು ಸಿಬಿಲ್‌ನಲ್ಲಿ, ಅಂದರೆ ನಿಮ್ಮ ಸಾಲದ ದಾಖಲೆಯಲ್ಲಿ, ಬಂದು, ನಾಳೆ ತೋಟಕ್ಕೋ ಮನೆಗೋ ಸಾಲ ಕೇಳುವಾಗ ತೊಂದರೆ.

ಮಾತಾಡಿದ್ದು ಮಲಯಾಳದಲ್ಲಿ, ಒಪ್ಪಂದ ಇಂಗ್ಲಿಷಿನಲ್ಲಿ. ಹೇಗೆ ಓದುವುದು?

ನಮ್ಮ ಊರಿನ ನಿಜವಾದ ಕಷ್ಟ ಇದು. ಮನೆಯಲ್ಲಿ ಹವ್ಯಕವೋ ತುಳುವೋ ಕೊಂಕಣಿಯೋ ಮರಾಟಿಯೋ ಮಾತಾಡುತ್ತೇವೆ, ಓದಿದ್ದು ಕನ್ನಡ, ಫೋನಿನಲ್ಲಿ ಮಲಯಾಳ, ಕಾಗದ ಇಂಗ್ಲಿಷ್. ಬಾಯಿಯಲ್ಲಿ ಹೇಳಿದ್ದು ಯಾವ ಭಾಷೆಯಲ್ಲಿದ್ದರೂ ಲೆಕ್ಕಕ್ಕೆ ಇಲ್ಲ. ಒಪ್ಪಂದದಲ್ಲಿ "ಬಾಯಿಮಾತಿನ ಭರವಸೆಗೆ ಕಂಪನಿ ಹೊಣೆ ಅಲ್ಲ" ಅನ್ನುವ ಅರ್ಥದ ಒಂದು ಸಾಲು ಇದ್ದೇ ಇರುತ್ತದೆ.

ಹಾಗಾಗಿ ಒಪ್ಪಂದವನ್ನು ಸಹಿ ಹಾಕುವ ಮೊದಲೇ ಮನೆಗೆ ತನ್ನಿ, ಅಥವಾ ಮೇಲ್ ಮಾಡಲು ಹೇಳಿ. ಇಂಗ್ಲಿಷ್ ಬರುವ ಮಗಳನ್ನೋ ಅಳಿಯನನ್ನೋ ಕೂರಿಸಿ ನಾಲ್ಕು ವಿಷಯ ಹುಡುಕಿಸಿ: ಮೆಂಟೆನೆನ್ಸ್ ಎಷ್ಟು ಏರಿಸಬಹುದು, ಎಷ್ಟು ದಿನದೊಳಗೆ ರದ್ದು ಮಾಡಬಹುದು, ಉಪಯೋಗಿಸದ ರಾತ್ರಿ ಎಷ್ಟು ವರ್ಷ ಉಳಿಯುತ್ತದೆ, ನಡುವೆ ಬಿಟ್ಟರೆ ಎಷ್ಟು ಹಣ ಹಿಡಿದುಕೊಳ್ಳುತ್ತಾರೆ. ಕೊಡಲು ಒಪ್ಪದಿದ್ದರೆ ಅಲ್ಲಿಗೆ ಬಿಡಿ.

"ಎಲ್ಲಿಗೂ ಹೋಗದಿದ್ದರೆ ಕೊನೆಗೆ ಹಣ ಬಡ್ಡಿ ಸೇರಿ ವಾಪಸ್" ಅನ್ನುತ್ತಾರೆ. ಇದು ಸುರಕ್ಷಿತವಾ?

ದಯವಿಟ್ಟು ಅಲ್ಲಿಂದ ಎದ್ದು ಬನ್ನಿ. ಅದು ಪ್ರವಾಸದ ಮೆಂಬರ್‌ಶಿಪ್ ಅಲ್ಲ, ಪ್ರವಾಸದ ಹೆಸರಿನಲ್ಲಿ ಡೆಪಾಸಿಟ್ ಎತ್ತುವುದು. 2016ರಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಣ ಸಂಸ್ಥೆ ಸೆಬಿ, ಪ್ಯಾನ್ ಕಾರ್ಡ್ ಕ್ಲಬ್ಸ್ ಅನ್ನುವ ಕಂಪನಿಗೆ 7,000 ಕೋಟಿಗೂ ಹೆಚ್ಚು ಹಣ ಹೂಡಿದವರಿಗೆ ವಾಪಸ್ ಕೊಡಬೇಕು ಅಂತ ಆದೇಶ ಮಾಡಿತು. ಹಣ ಹಾಕಿದವರು 50 ಲಕ್ಷಕ್ಕೂ ಹೆಚ್ಚು ಜನ. ಅಲ್ಲಿ ಮಾರಿದ್ದು ಹೋಟೆಲಿನ "ರೂಮ್ ನೈಟ್ಸ್". ಉಳಿಯದವರಿಗೆ ಕೊನೆಗೆ ಹಣ ಕೊಡುತ್ತೇವೆ ಅಂದಿದ್ದರು. ಅನುಮತಿ ಇಲ್ಲದೆ ನಡೆಸಿದ ಸಾಮೂಹಿಕ ಹೂಡಿಕೆ ಯೋಜನೆ ಅದು ಅಂತ ಸೆಬಿ ಹೇಳಿತು. ಆದೇಶ ಆದ ಕೂಡಲೇ ಹಣ ಕೈಗೆ ಬರುವುದಿಲ್ಲ, ಜನ ವರ್ಷಗಟ್ಟಲೆ ಕಾದರು.

ಇಂಥದ್ದನ್ನು ತರುವವರು ಅಪರಿಚಿತರಲ್ಲ. ನಮ್ಮದೇ ಭಾವ, ಸೋದರಮಾವ, ಪಕ್ಕದ ಮನೆಯ ಅಕ್ಕ ಏಜೆಂಟ್ ಆಗಿರುತ್ತಾರೆ. ಮುಖ ನೋಡಿ ಇಲ್ಲ ಅನ್ನಲು ಕಷ್ಟ, ನನಗೂ ಗೊತ್ತು. "ಇದಕ್ಕೆ ಸೆಬಿ ಅನುಮತಿಯ ಕಾಗದ ತೋರಿಸು ಭಾವ, ಆಮೇಲೆ ಮಾತಾಡೋಣ" ಅನ್ನಿ. ಅಷ್ಟು ಕೇಳಿದರೆ ಸಂಬಂಧ ಕೆಡುವುದಿಲ್ಲ. ಹಣ ಮುಳುಗಿದರೆ ಕೆಡುತ್ತದೆ.

ಬೇಡ ಅನಿಸಿದಾಗ ಮಾರಬಹುದಾ?

ಕಾಗದದಲ್ಲಿ ವರ್ಗಾವಣೆಗೆ ಅವಕಾಶ ಇರಬಹುದು, ಅದಕ್ಕೊಂದು ಫೀಸೂ ಇರುತ್ತದೆ. ಕೊಳ್ಳುವವರು ಸಿಗುವುದು ಕಷ್ಟ. ಸಿಕ್ಕರೂ ಕೊಟ್ಟದ್ದರ ಸಣ್ಣ ಭಾಗ.

ಇದಕ್ಕಿಂತ ದೊಡ್ಡ ಅಪಾಯ ಫೋನಿನಲ್ಲಿ ಬರುತ್ತದೆ. "ನಿಮ್ಮ ಮೆಂಬರ್‌ಶಿಪ್‌ಗೆ ಗಿರಾಕಿ ಇದ್ದಾರೆ, 5 ಲಕ್ಷ ಕೊಡುತ್ತಾರೆ, ಮೊದಲು ಜಿಎಸ್‌ಟಿ 18,000 ಕಟ್ಟಿ." ನಿಮ್ಮ ಮೆಂಬರ್ ನಂಬರ್, ಸೇರಿದ ವರ್ಷ ಎಲ್ಲ ಸರಿಯಾಗಿ ಹೇಳುತ್ತಾರೆ, ಹಾಗಾಗಿ ನಂಬಿಕೆ ಬರುತ್ತದೆ. ಕಟ್ಟಿದ ಮೇಲೆ ಇನ್ನೊಂದು ಫೀಸು, ಮತ್ತೊಂದು ಫೀಸು. ನಿಮಗೆ ಹಣ ಕೊಡಬೇಕಾದವರು ನಿಮ್ಮಿಂದ ಮೊದಲು ಹಣ ಕೇಳಿದರೆ ಅದು ಮೋಸ. ಕಟ್ಟಿ ಆಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಸೈಬರ್ ವಂಚನೆಯ ಸಹಾಯವಾಣಿ ಅದು. ಬೇಗ ಹೇಳಿದಷ್ಟೂ ಹಣ ತಡೆಯುವ ಸಾಧ್ಯತೆ ಜಾಸ್ತಿ.

ನಿನ್ನೆ ಸಹಿ ಹಾಕಿ ಬಂದೆ. ಈಗ ಬೇಡ ಅನಿಸುತ್ತಿದೆ.

ಇವತ್ತೇ ಬರೆಯಿರಿ. ಯುರೋಪ್ ಒಕ್ಕೂಟದಲ್ಲಿ ಟೈಮ್‌ಶೇರ್ ಕೊಂಡವರು 14 ದಿನದೊಳಗೆ ಕಾರಣ ಕೊಡದೆ ಬಿಡಬಹುದು ಅಂತ ಕಾನೂನೇ ಇದೆ. ನಮ್ಮಲ್ಲಿ ಟೈಮ್‌ಶೇರ್‌ಗೆಂದೇ ಬೇರೆ ಕಾಯ್ದೆ ಇಲ್ಲ. ಒಪ್ಪಂದದಲ್ಲಿ ಎಷ್ಟು ದಿನ ಬರೆದಿದೆಯೋ ಅಷ್ಟು. 10 ದಿನ ಕೊಡುವ ಕಂಪನಿಗಳಿವೆ. ಆ ದಿನ ಯಾವಾಗಿನಿಂದ ಎಣಿಸುತ್ತಾರೆ ಅಂತಲೂ ನೋಡಿ.

ಫೋನ್ ಮಾಡಿ ಹೇಳಿದರೆ ಸಾಲದು. "ನಾಳೆ ನಮ್ಮ ಸೀನಿಯರ್ ಫೋನ್ ಮಾಡುತ್ತಾರೆ" ಅನ್ನುತ್ತಾ ದಿನ ದೂಡುತ್ತಾರೆ. ಇಮೇಲ್ ಕಳಿಸಿ. ಜೊತೆಗೆ ಅಂಚೆ ಕಚೇರಿಯಿಂದ ಸ್ವೀಕೃತಿ ಪತ್ರ ಬರುವ ಹಾಗೆ ಪತ್ರ ಹಾಕಿ, ರಶೀದಿ ಇಟ್ಟುಕೊಳ್ಳಿ. "ಮೆಂಬರ್‌ಶಿಪ್ ರದ್ದು ಮಾಡುತ್ತಿದ್ದೇನೆ, ಕಟ್ಟಿದ ಹಣ ಹಿಂದಿರುಗಿಸಿ" ಅನ್ನುವ ಎರಡು ಸಾಲು ಸಾಕು.

ಕಂಪನಿ ಮುಂಬೈಯದ್ದು, ಸಹಿ ಹಾಕಿದ್ದು ಮಂಗಳೂರಿನಲ್ಲಿ, ಮನೆ ಬದಿಯಡ್ಕದಲ್ಲಿ. ದೂರು ಎಲ್ಲಿ ಕೊಡುವುದು?

ಕಾಸರಗೋಡಿನಲ್ಲೇ ಕೊಡಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆ ಬಂದ ಮೇಲೆ ಗ್ರಾಹಕ ಎಲ್ಲಿ ವಾಸ ಇದ್ದಾನೋ ಅಲ್ಲಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಹಾಕಬಹುದು. ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗವೇ ಸಾಕು. 5 ಲಕ್ಷದವರೆಗೆ ಫೀಸೇ ಇಲ್ಲ. ವಕೀಲರು ಇರಲೇಬೇಕೆಂದಿಲ್ಲ. ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು, ಇದನ್ನು ಮರೆತು ಕುಳಿತವರು ತುಂಬಾ ಜನ.

"ವಿವಾದ ಬಂದರೆ ಮಧ್ಯಸ್ಥಗಾರರ ಹತ್ತಿರವೇ ಹೋಗಬೇಕು" ಅಂತ ಒಪ್ಪಂದದಲ್ಲಿ ಬರೆದಿದ್ದರೆ ಹೆದರಬೇಡಿ. ಅಂಥ ಷರತ್ತು ಇದ್ದರೂ ಗ್ರಾಹಕ ಆಯೋಗಕ್ಕೆ ಹೋಗಬಹುದು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟ ಮಾಡಿದೆ. ಮೊದಲ ಹೆಜ್ಜೆಯಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿ, ನಂಬರ್ ತೆಗೆದುಕೊಳ್ಳಿ. ಕೆಲವು ಸಲ ಅಷ್ಟಕ್ಕೇ ಕಂಪನಿ ಮಾತಿಗೆ ಬರುತ್ತದೆ.

ನನ್ನ ಹೆಂಡತಿಯ ಹಾಗೆ ನೋಟ್‌ಬುಕ್ ಇಟ್ಟವರಿಗೆ ಇಲ್ಲಿ ಬಲ. ದಿನಾಂಕ, ಗಂಟೆ, ಮಾತಾಡಿದವರ ಹೆಸರು, "ಫುಲ್" ಅಂದದ್ದು. "ರೂಮೇ ಸಿಗುವುದಿಲ್ಲ" ಅಂತ ಸುಮ್ನೆ ಹೇಳುವುದಕ್ಕೂ 31 ಸಲ ಕೇಳಿದ ಪಟ್ಟಿ ಕೊಡುವುದಕ್ಕೂ ವ್ಯತ್ಯಾಸ ಇದೆ.

ಮೆಂಟೆನೆನ್ಸ್ ಕಟ್ಟದೆ ಬಿಟ್ಟುಬಿಟ್ಟರೆ?

ಬುಕಿಂಗ್ ನಿಲ್ಲುತ್ತದೆ, ಬಾಕಿಗೆ ಬಡ್ಡಿ ಬೀಳುತ್ತದೆ, ಕೊನೆಗೆ ಮೆಂಬರ್‌ಶಿಪ್ ರದ್ದು ಮಾಡುತ್ತಾರೆ. ಸುಮ್ಮನಿರುವುದಕ್ಕಿಂತ ಬರೆದು ಬಿಡುವುದು ಒಳ್ಳೆಯದು. ನಮ್ಮ ಮೆಂಟೆನೆನ್ಸ್ 9,400ರಿಂದ ಶುರುವಾಗಿ ಹತ್ತು ವರ್ಷದಲ್ಲಿ 18,200ಕ್ಕೆ ಬಂದಿತ್ತು. ಉಳಿದ ವರ್ಷಗಳ ಮೆಂಟೆನೆನ್ಸ್ ಕೂಡಿಸಿ ನೋಡಿದೆವು. 2024ರಲ್ಲಿ ಪತ್ರ ಬರೆದು ಬಿಟ್ಟೆವು. ಏನೂ ವಾಪಸ್ ಬರಲಿಲ್ಲ. ಮೂರು ತಿಂಗಳು ಓಡಾಡಿ "ಇನ್ನು ಬಾಕಿ ಏನೂ ಇಲ್ಲ" ಅನ್ನುವ ಕಾಗದ ಮಾತ್ರ ತೆಗೆದುಕೊಂಡೆವು. ನೀವು ಬಿಟ್ಟರೂ ಆ ಕಾಗದ ಬಿಡಬೇಡಿ.

ಹಾಗಾದರೆ ಯಾರಿಗೂ ಬೇಡವಾ?

ಹಾಗಲ್ಲ. ಕಾಸರಗೋಡು ಪೇಟೆಯಲ್ಲಿ ನನಗೆ ಗೊತ್ತಿರುವ ಒಂದು ಡಾಕ್ಟರ್ ದಂಪತಿ ಇದ್ದಾರೆ. ವರ್ಷಕ್ಕೆ ಎರಡು ಸಲ ಹೋಗಿಯೇ ಹೋಗುತ್ತಾರೆ. ದಿನಾಂಕವನ್ನು ತಿಂಗಳುಗಟ್ಟಲೆ ಮೊದಲೇ ಗಟ್ಟಿ ಮಾಡುತ್ತಾರೆ, ಕ್ಲಿನಿಕ್ ಮುಚ್ಚುತ್ತಾರೆ, ಬೋರ್ಡ್ ಹಾಕುತ್ತಾರೆ. ಮಕ್ಕಳು ದೊಡ್ಡವರು, ಶಾಲೆ ರಜೆಯ ಹಂಗಿಲ್ಲ. ಮೊದಲೂ ಒಳ್ಳೆಯ ಹೋಟೆಲಿನಲ್ಲೇ ಉಳಿಯುತ್ತಿದ್ದವರು. ಹಣ ಒಮ್ಮೆಲೇ ಕೊಟ್ಟರು, ಸಾಲ ಇಲ್ಲ. ಅವರಿಗೆ ಖುಷಿ ಇದೆ, ಲೆಕ್ಕವೂ ಸರಿ ಬರುತ್ತದೆ. ನೀವು ಅವರ ಹಾಗೆ ಇದ್ದರೆ, ಹೆಸರಿರುವ ಹಳೆಯ ಕಂಪನಿಯದ್ದನ್ನು ಕಾಗದ ಓದಿ ತೆಗೆದುಕೊಳ್ಳಿ.

ಮೆಂಬರ್‌ಶಿಪ್ ಬೇಡ, ಆದರೆ ಮಕ್ಕಳನ್ನು ಕರೆದುಕೊಂಡು ಹೋಗಬೇಕು. ಏನು ಮಾಡುವುದು?

ಸೊಸೈಟಿಯಲ್ಲಿ ಪ್ರವಾಸಕ್ಕೆಂದೇ ಒಂದು ಆರ್‌ಡಿ ತೆರೆಯಿರಿ. ತಿಂಗಳಿಗೆ 2,000 ಹಾಕಿದರೆ ವರ್ಷಕ್ಕೆ 24,000 ಮತ್ತು ಬಡ್ಡಿ. ಅಷ್ಟರಲ್ಲಿ ಒಂದು ಕುಟುಂಬ ಮೂರು ನಾಲ್ಕು ರಾತ್ರಿ ಚೆನ್ನಾಗಿ ಉಳಿದು ಬರಬಹುದು. ಹೋಗಲು ಆಗದ ವರ್ಷ ಹಣ ಅಲ್ಲೇ ಇರುತ್ತದೆ.

ನಮಗೆ ಜಾಗಕ್ಕೇನೂ ಬರಗಾಲ ಇಲ್ಲ. ಜಾಲ್ಸೂರು, ಸುಳ್ಯದ ದಾರಿಯಲ್ಲಿ ಮಡಿಕೇರಿಗೆ ಮೂರು ಗಂಟೆ ಚಿಲ್ಲರೆ. ಕೊಡಗಿನಲ್ಲಿ ಹೋಂಸ್ಟೇಗಳಿವೆ, ಮಡಿಕೇರಿಯಲ್ಲಿ ಕರ್ನಾಟಕ ಪ್ರವಾಸೋದ್ಯಮ ನಿಗಮದ ಮಯೂರ ವ್ಯಾಲಿ ವ್ಯೂ ಇದೆ. ಮುನ್ನಾರಿಗೆ ಹೋಗುವವರಿಗೆ ಕೇರಳ ಪ್ರವಾಸೋದ್ಯಮ ನಿಗಮದ ಟೀ ಕೌಂಟಿ ಇದೆ. ರಾಣಿಪುರದ ಬೆಟ್ಟ ನಮ್ಮ ಜಿಲ್ಲೆಯಲ್ಲೇ ಇದೆ, ಬೇಕಲ ಕೋಟೆಯಲ್ಲಿ ಸಂಜೆ ಕುಳಿತು ಎಷ್ಟು ವರ್ಷ ಆಯಿತು? ಹೋದ ಆಟಿಯಲ್ಲಿ ನಾವಿಬ್ಬರೂ ಭಾಗಮಂಡಲದ ಹತ್ತಿರ ಮೂರು ರಾತ್ರಿ ಉಳಿದೆವು. ಹೋಂಸ್ಟೇಯ ಅಕ್ಕ ಕಣಿಲೆ ಪಲ್ಯ ಮಾಡಿ ಹಾಕಿದರು. ಹಿಂದಿನ ದಿನ ಫೋನ್ ಮಾಡಿದ್ದೆವು, ಅಷ್ಟೇ.

ನಾಳೆ ಮಾರುವವರು ಕರೆದ ಹಾಲ್‌ಗೆ ಹೋಗುತ್ತೇವೆ ಅಂತ ಒಪ್ಪಿಕೊಂಡಾಗಿದೆ. ಏನು ಮಾಡಲಿ?

ಹೋಗದೆ ಇದ್ದರೂ ಏನೂ ಆಗುವುದಿಲ್ಲ. ಹೋಗಲೇಬೇಕೆಂದಿದ್ದರೆ ಎಟಿಎಂ ಕಾರ್ಡ್, ಕ್ರೆಡಿಟ್ ಕಾರ್ಡ್, ಚೆಕ್ ಪುಸ್ತಕ ಮೂರನ್ನೂ ಮನೆಯಲ್ಲಿ ಇಟ್ಟು ಹೋಗಿ. ಫೋನಿಗೆ ಬಂದ ಓಟಿಪಿ ಯಾರಿಗೂ ಹೇಳಬೇಡಿ, "ಬರೀ ರಿಜಿಸ್ಟ್ರೇಷನ್‌ಗೆ" ಅಂದರೂ ಹೇಳಬೇಡಿ. ಮಧ್ಯಾಹ್ನ ಊಟ ಮಾಡಿಯೇ ಹೋಗಿ, ಹಸಿದಾಗ ಬೇಗ ಮುಗಿಸಿದರೆ ಸಾಕು ಅನಿಸುತ್ತದೆ. ಬರುವ ಮೇ ಎರಡನೇ ವಾರ ಮುನ್ನಾರಿನಲ್ಲಿ ನಾಲ್ಕು ರಾತ್ರಿ ಇದೆಯಾ ಅಂತ ಅವರ ಮೆಂಬರುಗಳ ಆ್ಯಪ್‌ನಲ್ಲೇ, ನಿಮ್ಮ ಕಣ್ಣೆದುರು ತೆರೆದು ತೋರಿಸಲು ಹೇಳಿ. ಸಿಹಿ ಮಾತು ಎಷ್ಟು ಬಂದರೂ ಸಹಿ ಹಾಕದೆ ಕಾಗದ ಮಾತ್ರ ತನ್ನಿ. ಸಂಜೆ ನಮ್ಮ ಮನೆಗೆ ಬನ್ನಿ, ಕ್ಯಾಲೆಂಡರೂ ಹಿಡಿದುಕೊಂಡು ಬನ್ನಿ. ಜಗಲಿಯಲ್ಲಿ ಕುಳಿತು ಒಟ್ಟಿಗೆ ಓದೋಣ.